ಮಲೆನಾಡಿನ ಜೀಪಿಗೆ ತಕ್ಕ ‘ಲೋ’ ಗೇರನ್ನು ಆರಿಸುವ ಕ್ರಮ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಮುಂತಾದ ಸೀಮೆಗಳ ಕಾಫಿ, ಅಡಿಕೆ ಮತ್ತು ಏಲಕ್ಕಿ ತೋಟಗಳಲ್ಲಿ ಎತ್ತಿನ ಗಾಡಿಯು ಏರಲಾರದ ದಾರಿಗಳು ಅನೇಕವಿರುವುವು. ಅಂತಹ ದಾರಿಗಳಲ್ಲಿ ಗೊಬ್ಬರವನ್ನು ಮೇಲಕ್ಕೂ ಫಸಲನ್ನು ಕಣಕ್ಕೂ ಸಾಗಿಸುವ ಕೆಲಸವು ಬಹುಕಾಲದಿಂದ ಜೀಪು ಬಂಡಿಯ ಪಾಲಿಗೆ ಬಂದಿದೆ. ಬಂಡಿಯು ಸಮನಾಗಿ ನಡೆಯುತ್ತಿರುವವರೆಗೆ ಅದರ ಹೊಟ್ಟೆಯೊಳಗಿನ ಹಲ್ಲುಚಕ್ರಗಳ ವಿಚಾರವನ್ನು ಯಾರೂ ಎತ್ತುವುದಿಲ್ಲ. ಆದರೆ ಟ್ರೈಲರು ತುಂಬಿದ ಬಂಡಿಯು ಏರಿನ ನಡುವೆ ನಿಂತು ಹಿಂದಕ್ಕೆ ಸರಿಯಲಾರಂಭಿಸಿದಾಗ, ಒಂದು ಕಡೆ ದರೆ, ಮತ್ತೊಂದು ಕಡೆ ಕಮರಿ, ಟ್ರೈಲರಿನ ಮೇಲೆ ನಾಲ್ಕಾರು ಮಂದಿ ಆಳುಗಳು ಇರುವಾಗ, ಈ ವಿಚಾರವು ಹಣದ ವಿಚಾರವಾಗಿ ಮಾತ್ರವೇ ಉಳಿಯದೆ ಜೀವದ ವಿಚಾರವಾಗುವುದು.

ಹೀಗಾದ ಮೇಲೆ ಬಂಡಿಯನ್ನು ದುರಸ್ತಿಗೆ ಒಯ್ದ ಹಿಡುವಳಿದಾರನಿಗೆ ‘ಲೋ ಗೇರಿನ ಚಕ್ರಗಳನ್ನು ಬದಲಾಯಿಸಿರಿ’ ಎಂಬ ಸಲಹೆ ದೊರೆಯುವುದುಂಟು. ಈ ಸಲಹೆಯು ಕೆಲವು ವೇಳೆ ಸರಿಯಾದುದು. ಅನೇಕ ವೇಳೆ ನಿಷ್ಪ್ರಯೋಜಕವಾದುದು. ಕೆಲವು ವೇಳೆ ಹಾನಿಕರವಾದುದೂ ಹೌದು. ಯಾವ ಸಂದರ್ಭದಲ್ಲಿ ಯಾವುದೆಂಬುದನ್ನು ಸ್ವಲ್ಪ ಲೆಕ್ಕದಿಂದ ಹಿಡುವಳಿದಾರನು ತಾನೇ ತಿಳಿದುಕೊಳ್ಳಬಹುದು. ಆ ಲೆಕ್ಕವನ್ನು ಇಲ್ಲಿ ವಿವರಿಸಿದೆ.

ಟ್ರಾನ್ಸ್‌ಫರ್ ಕೇಸು ಎಂದರೇನು

ಎಂಜಿನ್ನಿನ ಬಲವು ಮೊದಲು ಕ್ಲಚ್ಚಿಗೂ, ಅಲ್ಲಿಂದ ಗೇರುಪೆಟ್ಟಿಗೆಗೂ ಹೋಗುವುದು. ಹಿಂದಿನ ಗಾಲಿಗಳಿಗೆ ಮಾತ್ರ ಬಲವನ್ನು ಕೊಡುವ ಮೋಟಾರಿನಲ್ಲಿ ಅದು ಗೇರುಪೆಟ್ಟಿಗೆಯಿಂದ ನೆಟ್ಟಗೆ ಹಿಂದಿನ ಅಚ್ಚಿಗೆ ಹೋಗುವುದು. ನಾಲ್ಕು ಗಾಲಿಗಳಿಗೂ ಬಲವನ್ನು ಕೊಡುವ ಬಂಡಿಯಲ್ಲಾದರೋ ಗೇರುಪೆಟ್ಟಿಗೆಯ ಹಿಂದೆ ಇನ್ನೊಂದು ಪೆಟ್ಟಿಗೆ ಇರುವುದು. ಇದೇ ಟ್ರಾನ್ಸ್‌ಫರ್ ಕೇಸು. ಇದಕ್ಕೆ ಎರಡು ಕೆಲಸಗಳಿವೆ. ಬಲವನ್ನು ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಹಂಚುವುದು ಒಂದು. ಸನ್ನೆಯನ್ನು ‘ಲೋ’ ಎಂಬ ಸ್ಥಾನಕ್ಕೆ ಹಾಕಿದಾಗ ವೇಗವನ್ನು ಇನ್ನಷ್ಟು ತಗ್ಗಿಸಿ ಅದೇ ಪ್ರಮಾಣದಲ್ಲಿ ಎಳೆತವನ್ನು ಹೆಚ್ಚಿಸುವುದು ಎರಡನೆಯದು.

ಏತವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಸನ್ನೆಯ ಉದ್ದವಾದ ತುದಿಯನ್ನು ಹಿಡಿದವನು ಹೆಚ್ಚು ದೂರ ನಡೆಯಬೇಕು. ಅದಕ್ಕೆ ಪ್ರತಿಯಾಗಿ ಅವನು ಹೆಚ್ಚು ಭಾರವನ್ನೆತ್ತುವನು. ಹಲ್ಲುಚಕ್ರಗಳೂ ಹಾಗೆಯೇ. ಎಂಜಿನ್ನು ೨ ಸುತ್ತು ಸುತ್ತಿದಾಗ ಮುಂದಿನ ದಂಡವು ಒಂದು ಸುತ್ತು ಸುತ್ತಿದರೆ ಪ್ರಮಾಣವು ೨. ಆಗ ವೇಗವು ಅರ್ಧವಾಗಿ ತಿರುಗುಬಲವು ಎರಡರಷ್ಟಾಗುವುದು. ಚಕ್ರಗಳು ಬಲವನ್ನು ಹುಟ್ಟಿಸುವುದಿಲ್ಲ. ವೇಗವನ್ನು ಕೊಟ್ಟು ಎಳೆತವನ್ನು ಕೊಳ್ಳುವುವು.

ಎಂಜಿನ್ನಿನಿಂದ ಗಾಲಿಯವರೆಗೆ ಇಂತಹ ಮೂರು ತಗ್ಗುವಿಕೆಗಳಿವೆ: ಗೇರುಪೆಟ್ಟಿಗೆಯ ಮೊದಲನೆಯ ಗೇರು, ಟ್ರಾನ್ಸ್‌ಫರ್ ಕೇಸಿನ ಲೋ, ಅಚ್ಚಿನೊಳಗಿನ ಕ್ರೌನ್ ಮತ್ತು ಪಿನಿಯನ್ ಚಕ್ರಗಳು. ಈ ಮೂರನ್ನೂ ಒಂದರಿಂದೊಂದು ಗುಣಿಸಿದರೆ ಬರುವುದೇ ಒಟ್ಟು ಪ್ರಮಾಣ. ಗಾಲಿಗೆ ತಾಗುವುದು ಈ ಗುಣಲಬ್ಧವೇ ಆದುದರಿಂದ, ಟ್ರಾನ್ಸ್‌ಫರ್ ಕೇಸಿನ ಸಂಖ್ಯೆಯೊಂದನ್ನೇ ಕೇಳಿ ಬಂಡಿಯ ಯೋಗ್ಯತೆಯನ್ನು ನಿರ್ಣಯಿಸುವುದು ಸರಿಯಲ್ಲ.

ಯುದ್ಧದ ಜೀಪೂ ಹೊಲದ ಜೀಪೂ

ಈ ಮಾತಿಗೆ ಉತ್ತಮವಾದ ನಿದರ್ಶನವು ಜೀಪಿನ ಚರಿತ್ರೆಯಲ್ಲೇ ದೊರೆಯುವುದು. ೧೯೪೧ರಿಂದ ೧೯೪೫ರವರೆಗೆ ಅಮೆರಿಕದ ವಿಲ್ಲಿಸ್ ಕಾರ್ಖಾನೆಯು ಸೈನ್ಯಕ್ಕಾಗಿ ತಯಾರಿಸಿದ ಎಂ.ಬಿ. ಮಾದರಿಯಲ್ಲಿ ಮೊದಲನೆಯ ಗೇರು ೨.೬೬೫, ಲೋ ೧.೯೭, ಅಚ್ಚು ೪.೮೮, ಒಟ್ಟು ೨೫.೬. ಯುದ್ಧವು ಮುಗಿದ ೧೯೪೫ರಲ್ಲಿ ಅದೇ ಕಾರ್ಖಾನೆಯು ರೈತರಿಗಾಗಿ ಸಿ.ಜೆ.-೨ಎ ಎಂಬ ಮಾದರಿಯನ್ನು ಹೊರಡಿಸಿತು. ಎಂಜಿನ್ನು ಸುಮಾರಾಗಿ ಅದೇ, ೨.೨ ಲೀಟರ್ ಗಾತ್ರ, ೬೦ ಕುದುರೆಶಕ್ತಿ. ಆದರೆ ಚಕ್ರಗಳನ್ನು ಬದಲಾಯಿಸಿದರು. ಮೊದಲನೆಯ ಗೇರು ೨.೭೯೮, ಲೋ ೨.೪೬, ಅಚ್ಚು ೫.೩೮, ಒಟ್ಟು ೩೭.

ಹೀಗೇಕೆ ಮಾಡಿದರೆಂದರೆ, ಸೈನಿಕನಿಗೆ ರಸ್ತೆಯ ಮೇಲೆ ವೇಗವು ಬೇಕಾಗಿತ್ತು. ಬೇಸಾಯಗಾರನಿಗೆ ನೇಗಿಲನ್ನೂ ಭಾರವನ್ನೂ ಎಳೆಯುವ ನಿಧಾನವು ಬೇಕಾಗಿತ್ತು. ಎಂಜಿನ್ನು ನಿಮಿಷಕ್ಕೆ ೧೦೦೦ ಸುತ್ತು ತಿರುಗುತ್ತಿರುವಾಗ ಎಂ.ಬಿ. ಬಂಡಿಯು ಲೋ ಮೊದಲನೆಯ ಗೇರಿನಲ್ಲಿ ಗಂಟೆಗೆ ಸುಮಾರು ೫ ಕಿಲೋಮೀಟರ್ ಹೋಗುವುದು. ಅಂದರೆ ಬಿರುಸಾಗಿ ನಡೆಯುವ ಮನುಷ್ಯನ ಹೆಜ್ಜೆ. ಸಿ.ಜೆ.-೨ಎ ಬಂಡಿಯು ಗಂಟೆಗೆ ಸುಮಾರು ೩.೬ ಕಿಲೋಮೀಟರ್ ಹೋಗುವುದು. ಇದು ಹೇರು ಹೊತ್ತ ಎತ್ತಿನ ಹೆಜ್ಜೆಗೆ ಸಮೀಪವಾದುದು. ೧೯೪೭ರಲ್ಲಿ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿದ ಮೇಲೆ ಈ ವಂಶದ ಬಂಡಿಗಳು ನಮ್ಮ ತೋಟಗಳಿಗೂ ಬಂದುವು.

ಗುಣಲಬ್ಧವನ್ನೇ ಏಕೆ ನೋಡಬೇಕೆಂಬುದಕ್ಕೆ ಮತ್ತೊಂದು ನಿದರ್ಶನ: ಮಾರುತಿ ಜಿಪ್ಸಿ ಕಿಂಗ್ ಬಂಡಿಯ ಲೋ ಪ್ರಮಾಣವು ೨.೨೬೮ ಮಾತ್ರವೇ. ಇದು ಸಿ.ಜೆ.-೨ಎಗಿಂತ ಕಡಿಮೆಯಾಗಿ ಕಂಡರೂ, ಅದರ ಮೊದಲನೆಯ ಗೇರು ೩.೬೫೨ ಇರುವುದರಿಂದ, ಅಚ್ಚು ೩.೯೦೯ ಇದ್ದರೂ ಒಟ್ಟು ಪ್ರಮಾಣವು ೩೨.೪ರಷ್ಟಾಗುವುದು. ಇದಲ್ಲದೆ ಆ ಬಂಡಿಯ ‘ಹೈ’ ಸ್ಥಾನದಲ್ಲಿಯೂ ೧.೪೦೯ರ ತಗ್ಗುವಿಕೆ ಉಂಟು.

ಸ್ವಂತ ಬಂಡಿಯ ಪ್ರಮಾಣವನ್ನು ಎಣಿಸಿ ತಿಳಿಯುವ ಬಗೆ

ಹಳೆಯ ಬಂಡಿಗಳಲ್ಲಿ ಹಲವು ಕೈಗಳ ದುರಸ್ತಿಯಾಗಿ ಒಂದರ ಅಚ್ಚು ಮತ್ತೊಂದರ ಗೇರುಪೆಟ್ಟಿಗೆಗೆ ಸೇರಿರುವುದುಂಟು. ಆದಕಾರಣ ಪುಸ್ತಕದ ಸಂಖ್ಯೆಯನ್ನು ನಂಬದೆ ಎಣಿಸಿ ನೋಡುವುದೇ ಲೇಸು. ಕೈಹಿಡಿಯಿಂದ ಎಂಜಿನ್ನನ್ನು ತಿರುಗಿಸುವ ಸೌಕರ್ಯವುಳ್ಳ ಬಂಡಿಗಳಲ್ಲಿ ಇದು ಸುಲಭ.

ಬಂಡಿಯನ್ನು ಸಮತಟ್ಟಾದ ಗಟ್ಟಿನೆಲದಲ್ಲಿ ನಿಲ್ಲಿಸಿ, ಇಗ್ನಿಷನ್ ಆರಿಸಿ, ಬ್ಯಾಟರಿಯ ತಂತಿಯನ್ನು ಕಳಚಿ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದಿಡಬೇಕು. ಒಬ್ಬನು ಬ್ರೇಕಿನ ಬಳಿ ಕುಳಿತಿರತಕ್ಕದ್ದು. ಲೋ ಮೊದಲನೆಯ ಗೇರನ್ನು ಹಾಕಿ, ಒಂದು ಟೈರಿನ ಮೇಲೆ ಸುಣ್ಣದ ಗುರುತನ್ನಿಟ್ಟು, ಆ ಗುರುತು ಒಂದು ಪೂರ್ತಿ ಸುತ್ತು ಬಂದು ಮತ್ತೆ ನೆಲವನ್ನು ಮುಟ್ಟುವವರೆಗೆ ಕೈಹಿಡಿಯನ್ನು ಎಷ್ಟು ಸಲ ತಿರುಗಿಸಬೇಕಾಯಿತೆಂಬುದನ್ನು ಎಣಿಸಬೇಕು. ೩೭ ಸುತ್ತು ಬಂದರೆ ಅದು ಹೊಲದ ಜೀಪಿನ ಚಕ್ರಗಳ ಸಮೂಹ. ೨೫ ಅಥವಾ ೨೬ ಬಂದರೆ ಯುದ್ಧಕಾಲದ ಚಕ್ರಗಳು. ೩೩ ಅಥವಾ ೩೪ ಬಂದರೆ ಹೊಲದ ಜೀಪಿನ ಪೆಟ್ಟಿಗೆಗಳಿಗೆ ೪.೮೮ರ ಅಚ್ಚು ಸೇರಿರಬಹುದು.

ದಾರಿಯ ಏರನ್ನು ಅಳೆಯುವ ಬಗೆ

ಬಂಡಿಯ ಪ್ರಮಾಣವನ್ನು ತಿಳಿದ ಮೇಲೆ ದಾರಿಯನ್ನು ಅಳೆಯಬೇಕು. ಕಣ್ಣಂದಾಜು ಸಾಲದು, ಏರು ಯಾವಾಗಲೂ ಕಣ್ಣಿಗೆ ಇರುವುದಕ್ಕಿಂತ ಕಡಿದಾಗಿ ಕಾಣುವುದು. ನೆಟ್ಟನೆಯ ೪ ಮೀಟರ್ ಬಿದಿರುಗಳುವೊಂದನ್ನು ತೆಗೆದುಕೊಂಡು, ಒಂದು ತುದಿಯನ್ನು ಏರಿನ ಮೇಲ್ಗಡೆಯ ನೆಲಕ್ಕೆ ತಾಗಿಸಿ, ಮತ್ತೊಂದು ತುದಿಯನ್ನು ಕೆಳಗಡೆಗೆ ಚಾಚಿ ಮಟ್ಟವಾಗಿ ಹಿಡಿಯಬೇಕು. ಗಳುವಿನ ಮೇಲೆ ಅರ್ಧ ನೀರು ತುಂಬಿದ ಸೀಸೆಯನ್ನು ಅಡ್ಡಲಾಗಿ ಮಲಗಿಸಿದರೆ ಮಟ್ಟವು ತಿಳಿಯುವುದು. ಆಗ ಕೆಳತುದಿಯಿಂದ ನೆಲಕ್ಕಿರುವ ಎತ್ತರವನ್ನು ಅಳೆಯಬೇಕು. ಅದು ಒಂದು ಮೀಟರ್ ಆದರೆ ಏರು ನಾಲ್ಕಕ್ಕೆ ಒಂದು. ಅರ್ಧ ಮೀಟರ್ ಆದರೆ ಎಂಟಕ್ಕೆ ಒಂದು. ದಾರಿಯ ಅತ್ಯಂತ ಕಡಿದಾದ ಜಾಗದಲ್ಲಿಯೇ ಅಳೆಯತಕ್ಕದ್ದು. ಏಕೆಂದರೆ ಬಂಡಿಯು ನಿಲ್ಲುವುದು ಅಲ್ಲಿಯೇ ಹೊರತು ಸರಾಸರಿ ಏರಿನಲ್ಲಲ್ಲ.

ಬೇಕಾದ ಎಳೆತದ ಲೆಕ್ಕ

ಜೀಪು ಅದರೊಳಗಿನ ಹೇರು ಸಮೇತ ೧೫೦೦ ಕಿಲೋಗ್ರಾಂ, ಟ್ರೈಲರು ೫೦೦ ಕಿಲೋಗ್ರಾಂ, ಒಟ್ಟು ೨೦೦೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಏರು ನಾಲ್ಕಕ್ಕೆ ಒಂದು. ಕಾಲವು ಕಾಫಿ ಕೊಯ್ಲಿನದು. ನೆಲವು ಒಣಗಿ ಗಟ್ಟಿಯಾಗಿದೆ.

ಏರನ್ನು ಹತ್ತುವುದಕ್ಕೆ ಬೇಕಾದ ಎಳೆತವು ತೂಕದ ನಾಲ್ಕನೆಯ ಒಂದು ಪಾಲು, ಅಂದರೆ ೫೦೦ ಕಿಲೋಗ್ರಾಂ. ಇದಲ್ಲದೆ ಗಾಲಿಗಳು ಉರುಳುವುದಕ್ಕೇ ಸ್ವಲ್ಪ ಎಳೆತವು ಬೇಕು. ಗಟ್ಟಿಯಾದ ಮಣ್ಣುದಾರಿಯಲ್ಲಿ ತೂಕದ ನೂರಕ್ಕೆ ೪ರಂತೆ ೮೦ ಕಿಲೋಗ್ರಾಂ. ಒಟ್ಟು ೫೮೦ ಕಿಲೋಗ್ರಾಂ.

ಇನ್ನು ಬಂಡಿಯು ಕೊಡಬಲ್ಲ ಎಳೆತವನ್ನು ನೋಡೋಣ. ಮೇಲೆ ಹೇಳಿದ ವಿಲ್ಲಿಸ್ ಎಂಜಿನ್ನಿನ ಪರಮಾವಧಿ ತಿರುಗುಬಲವು ನಿಮಿಷಕ್ಕೆ ೨೦೦೦ ಸುತ್ತಿನಲ್ಲಿ ಸುಮಾರು ೧೪.೫ ಕಿಲೋಗ್ರಾಂ-ಮೀಟರ್. ನಿಧಾನವಾದ ಸುತ್ತಿನಲ್ಲಿಯೂ ಎಂಜಿನ್ನು ಹಳೆಯದಾದಾಗಲೂ ಅಷ್ಟು ದೊರೆಯಲಾರದಾದುದರಿಂದ ೧೨ ಎಂದು ಹಿಡಿಯುವುದು ಕ್ಷೇಮ. ಇದನ್ನು ಒಟ್ಟು ಪ್ರಮಾಣದಿಂದ ಗುಣಿಸಿ, ಚಕ್ರಗಳ ಉಜ್ಜಾಟದಲ್ಲಿ ಐದರಲ್ಲಿ ಒಂದು ಪಾಲು ಕಳೆದುಹೋಗುವುದೆಂದು ಕಳೆದು, ಉಳಿದುದನ್ನು ಗಾಲಿಯ ನಡುವಿನಿಂದ ನೆಲಕ್ಕಿರುವ ಎತ್ತರದಿಂದ ಭಾಗಿಸಬೇಕು. ೧೬ ಅಂಗುಲದ ರಿಮ್ಮಿಗೆ ಹಾಕುವ ೬.೦೦ ಟೈರಿಗೆ ಈ ಎತ್ತರವು ಸುಮಾರು ೦.೩೫ ಮೀಟರ್. ಹೀಗೆ ಮಾಡಿದಾಗ ಬರುವ ಫಲವು:

ಹೈ ಮೊದಲನೆಯ ಗೇರು, ಒಟ್ಟು ಪ್ರಮಾಣ ೧೫: ಎಳೆತ ಸುಮಾರು ೪೧೦ ಕಿಲೋಗ್ರಾಂ.
ಯುದ್ಧಕಾಲದ ಲೋ ಮೊದಲನೆಯದು, ಒಟ್ಟು ೨೫.೬: ಸುಮಾರು ೭೦೦ ಕಿಲೋಗ್ರಾಂ.
ಹೊಲದ ಜೀಪಿನ ಲೋ ಮೊದಲನೆಯದು, ಒಟ್ಟು ೩೭: ಸುಮಾರು ೧೦೧೫ ಕಿಲೋಗ್ರಾಂ.

ಬೇಕಾದುದು ೫೮೦. ಹೈ ಗೇರಿನಲ್ಲಿ ಈ ಹೇರು ಏರಲಾರದು; ಏರಿಸಹೊರಟ ಚಾಲಕನು ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು ಅದನ್ನು ಸುಡುವನು. ಯುದ್ಧಕಾಲದ ಚಕ್ರಗಳಿಂದ ಏರುವುದು, ಆದರೆ ನಡುವೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಹೊಲದ ಜೀಪಿನ ಚಕ್ರಗಳಲ್ಲಿ ಬೇಕಾದುದರ ಒಂದೂಮುಕ್ಕಾಲು ಪಾಲು ಎಳೆತವಿರುವುದರಿಂದ ಏರಿನ ನಡುವೆ ನಿಲ್ಲಿಸಿ ಹೊರಡಿಸುವುದಕ್ಕೂ ಭಯವಿಲ್ಲ. ಬೇಕಾದ ಎಳೆತಕ್ಕಿಂತ ಒಂದೂವರೆ ಪಾಲು ಇರುವಂತೆ ಗೇರನ್ನು ಆರಿಸುವುದು ಒಳ್ಳೆಯ ನಿಯಮ.

ನೆಲದ ಹಿಡಿತವೇ ಮಿತಿ

ಇಲ್ಲಿಯವರೆಗಿನ ಲೆಕ್ಕವನ್ನು ಓದಿದವರು, ಗೇರು ತಗ್ಗಿದಷ್ಟೂ ಒಳ್ಳೆಯದೆಂದು ತಿಳಿಯಬಹುದು. ಇದು ತಪ್ಪು. ಗಾಲಿಯು ನೆಲವನ್ನು ಹಿಡಿದರೆ ಮಾತ್ರ ಎಳೆತವು ಎಳೆತವಾಗುವುದು. ಹಿಡಿಯದಿದ್ದರೆ ಗಾಲಿಯು ನಿಂತಲ್ಲೇ ಸುತ್ತಿ ನೆಲವನ್ನು ಅಗೆಯುವುದು. ಒಣಗಿದ ಗಟ್ಟಿಮಣ್ಣಿನಲ್ಲಿ ಹಿಡಿತವು ಗಾಲಿಗಳ ಮೇಲಿನ ತೂಕದ ಸುಮಾರು ನೂರಕ್ಕೆ ೬೦ರಷ್ಟು. ಮಳೆಯಲ್ಲಿ ನೆನೆದ ಜಿಗುಟಾದ ಕೆಮ್ಮಣ್ಣಿನಲ್ಲಿ ೩೦ ಅಥವಾ ಅದಕ್ಕಿಂತಲೂ ಕಡಿಮೆ. ಟ್ರೈಲರಿನ ಗಾಲಿಗಳು ಎಳೆಯುವುದಿಲ್ಲವಾದುದರಿಂದ ಜೀಪಿನ ೧೫೦೦ ಕಿಲೋಗ್ರಾಂ ತೂಕವನ್ನು ಮಾತ್ರ ಎಣಿಸಬೇಕು.

ಒಣನೆಲದಲ್ಲಿ ಹಿಡಿತವು ಸುಮಾರು ೯೦೦ ಕಿಲೋಗ್ರಾಂ. ಬೇಕಾದುದು ೫೮೦ ಆದುದರಿಂದ ಬಂಡಿಯು ಏರುವುದು. ಅದೇ ದಾರಿಯು ಜೂನ್ ಮಳೆಯಲ್ಲಿ ಕೆಸರಾದಾಗ ಏನಾಗುವುದೆಂದು ನೋಡಿರಿ. ಹಿಡಿತವು ೪೫೦ಕ್ಕೆ ಇಳಿಯುವುದು. ಕೆಸರಿನಲ್ಲಿ ಗಾಲಿಯುರುಳಲು ನೂರಕ್ಕೆ ೧೦ರಂತೆ ೨೦೦ ಬೇಕಾಗಿ, ಬೇಕಾದ ಎಳೆತವು ೭೦೦ಕ್ಕೆ ಏರುವುದು. ಟ್ರೈಲರನ್ನು ಬಿಚ್ಚಿ ಬಿಟ್ಟರೂ ಜೀಪೊಂದಕ್ಕೇ ೫೨೫ ಬೇಕು. ಎಂದ ಮೇಲೆ, ಟ್ರಾನ್ಸ್‌ಫರ್ ಕೇಸಿನಲ್ಲಿ ಎಂತಹ ಚಕ್ರಗಳನ್ನು ಹಾಕಿದರೂ ಆ ಏರನ್ನು ಆ ನೆಲದಲ್ಲಿ ಹತ್ತಲಾಗದು. ಇದು ಗೇರಿನ ದೋಷವಲ್ಲ, ದಾರಿಯ ದೋಷ.

ಈ ಒಂದು ಮಾತನ್ನು ತಿಳಿಯದೆ ಹಣವನ್ನು ವ್ಯರ್ಥಮಾಡಿಕೊಳ್ಳುವವರು ಬಹಳ ಮಂದಿ. ಮಳೆಗಾಲದಲ್ಲಿ ಬಂಡಿಯು ಏರಲಿಲ್ಲವೆಂದು ಗೇರನ್ನು ಬದಲಾಯಿಸುವರು. ಮರುವರ್ಷದ ಮಳೆಗಾಲದಲ್ಲಿ ಬಂಡಿಯು ಅದೇ ಜಾಗದಲ್ಲಿ, ಆದರೆ ಇನ್ನೂ ನಿಧಾನವಾಗಿ ಗಾಲಿಯನ್ನು ಸುತ್ತುತ್ತ ನಿಲ್ಲುವುದು. ಆ ಹಣದಿಂದ ಅದೇ ಏರಿನ ಕಡಿದಾದ ಭಾಗಕ್ಕೆ ಜಲ್ಲಿಯನ್ನು ಹಾಸಿ, ದರೆಯ ಪಕ್ಕದಲ್ಲಿ ನೀರು ಹರಿದುಹೋಗುವ ಚರಂಡಿಯನ್ನು ತೋಡಿಸಿದ್ದರೆ, ಹಿಡಿತವು ನೂರಕ್ಕೆ ೫೦ಕ್ಕೆ ಏರಿ ೭೫೦ ಕಿಲೋಗ್ರಾಂ ಆಗುತ್ತಿತ್ತು. ಗಾಲಿಯುರುಳುವ ತಡೆಯೂ ಕಡಿಮೆಯಾಗಿ ಟ್ರೈಲರು ಸಮೇತ ಬಂಡಿಯು ಏರುತ್ತಿತ್ತು. ಅಂತಹ ದಾರಿಯು ಒಬ್ಬರ ತೋಟಕ್ಕೆ ಮಾತ್ರವಲ್ಲದೆ ಹಲವರ ಗದ್ದೆ ತೋಟಗಳಿಗೆ ಹೋಗುವುದಾದರೆ, ಗ್ರಾಮದ ಮುಖಂಡರು ಎಲ್ಲರನ್ನೂ ಕೂಡಿಸಿ ಮಳೆಗೆ ಮುಂಚೆ ಈ ಕೆಲಸವನ್ನು ಮಾಡಿಸುವುದು ಶ್ರೇಯಸ್ಕರ.

ಅತಿಯಾಗಿ ತಗ್ಗಿದ ಗೇರಿನ ಗುಣದೋಷಗಳು

ಹಾಗಾದರೆ ೪.೦ರಂತಹ ಲೋ ಪ್ರಮಾಣವನ್ನು ಏತಕ್ಕಾಗಿ ಮಾಡಿರುವರೆಂಬ ಪ್ರಶ್ನೆ ಹುಟ್ಟುವುದು. ಅಮೆರಿಕದ ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಎಂಬ ಮಾದರಿಯಲ್ಲಿ ಅಂತಹ ಪೆಟ್ಟಿಗೆಯನ್ನು ೨೦೦೩ರಿಂದ ಹಾಕಿರುವರು. ೨೦೦೭ರ ಮಾದರಿಯಲ್ಲಿ ಮೊದಲನೆಯ ಗೇರು ೪.೪೬, ಅಚ್ಚು ೪.೧೦, ಒಟ್ಟು ೭೩. ಅದರ ಹೆಸರು ಕ್ಯಾಲಿಫೋರ್ನಿಯ ಪ್ರಾಂತದ ಸಿಯೆರ ನೆವಾಡ ಬೆಟ್ಟಗಳಲ್ಲಿರುವ ರೂಬಿಕಾನ್ ಎಂಬ ಬಂಡೆಗಳ ದಾರಿಯಿಂದ ಬಂದುದು. ಅಲ್ಲಿ ಒಣಗಿದ ಕಲ್ಲಿನ ಮೇಲೆ ಹಿಡಿತವು ಹೇರಳವಾಗಿರುವುದು. ಆಳೆತ್ತರದ ಬಂಡೆಗಳ ಮೇಲೆ ಗಾಲಿಯನ್ನು ಅಂಗುಲ ಅಂಗುಲವಾಗಿ ಇಡಬೇಕಾಗುವುದರಿಂದ ಎಳೆತಕ್ಕಿಂತಲೂ ನಿಧಾನವೇ ಅಲ್ಲಿ ಮುಖ್ಯ.

ನಮ್ಮ ತೋಟದ ಕೆಲಸವು ಅಂತಹದಲ್ಲ. ಸಿ.ಜೆ.-೨ಎಯಂತಹ ಬಂಡಿಯಲ್ಲಿ ೪.೦ರ ಲೋ ಪ್ರಮಾಣವನ್ನು ಹಾಕಿದರೆ ಒಟ್ಟು ಪ್ರಮಾಣವು ೬೦ ಆಗಿ, ಲೆಕ್ಕಕ್ಕೆ ಎಳೆತವು ೧೬೫೦ ಕಿಲೋಗ್ರಾಂ ಬರುವುದು. ಆದರೆ ಒಣನೆಲದ ಹಿಡಿತವೇ ೯೦೦. ಉಳಿದ ೭೫೦ ಕಿಲೋಗ್ರಾಮಿಗೆ ದಾರಿಯಿಲ್ಲ. ಮೂರು ಗಾಲಿಗಳು ಜಾರಿ ಒಂದು ಗಾಲಿ ಕಲ್ಲಿಗೆ ಸಿಕ್ಕಿದ ಸಮಯದಲ್ಲಿ ಈ ಹೆಚ್ಚಿನ ತಿರುಗುಬಲವು ಅಚ್ಚಿನ ದಂಡವನ್ನೋ, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟನ್ನೋ ಮುರಿಯುವುದು. ಆ ಭಾಗಗಳನ್ನು ಹಿಂದಿನ ಪ್ರಮಾಣಕ್ಕೆ ತಕ್ಕಂತೆ ಮಾಡಿರುವರೇ ಹೊರತು ಹೊಸ ಪ್ರಮಾಣಕ್ಕಲ್ಲ.

ಎರಡನೆಯ ದೋಷವು ಕಾಲವ್ಯಯ. ಎಂಜಿನ್ನು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ, ೨.೪೬ರ ಲೋದಲ್ಲಿ ಮೂರನೆಯ ಗೇರಿಗೆ ಬಂಡಿಯು ಗಂಟೆಗೆ ಸುಮಾರು ೩೦ ಕಿಲೋಮೀಟರ್ ಹೋಗಬಲ್ಲುದು; ೪.೦ರ ಲೋದಲ್ಲಿ ೧೮ ಮಾತ್ರ. ತೋಟದ ದಾರಿಯಲ್ಲಿ ಏರು, ಸಮತಟ್ಟು, ಇಳಿತಗಳು ಒಂದರ ಹಿಂದೊಂದು ಬರುವುದರಿಂದಲೂ, ಈ ಹಳೆಯ ಬಂಡಿಗಳಲ್ಲಿ ನಿಲ್ಲಿಸದೆ ಲೋಗೆ ಹಾಕಲಾಗದುದರಿಂದಲೂ, ಚಾಲಕನು ದಿನವೆಲ್ಲ ಲೋದಲ್ಲಿಯೇ ಓಡಿಸುವನು. ಕೊಯ್ಲಿನ ಕಾಲದಲ್ಲಿ ದಿನಕ್ಕೆ ಎಷ್ಟು ಸಾರಿ ಕಣಕ್ಕೆ ಹೋಗಿ ಬರಬಹುದೆಂಬುದು ಇದರ ಮೇಲೆ ನಿಂತಿರುವುದು. ಆದುದರಿಂದ ಹೇರೆಳೆಯುವ ಬಂಡಿಗೆ ೨ರಿಂದ ೨.೭ರವರೆಗಿನ ಲೋ ಪ್ರಮಾಣವೂ, ೩೦ರಿಂದ ೪೦ರವರೆಗಿನ ಒಟ್ಟು ಪ್ರಮಾಣವೂ ಸಾಮಾನ್ಯವಾಗಿ ಸಾಕು.

ಇಳಿತದಲ್ಲಿ ಗೇರಿನ ಉಪಯೋಗ

ಏರಿಗಿಂತ ಇಳಿತವು ಅಪಾಯಕರ. ಏರಿನಲ್ಲಿ ಬಲವು ಸಾಲದಿದ್ದರೆ ಬಂಡಿಯು ನಿಲ್ಲುವುದು. ಇಳಿತದಲ್ಲಿ ತಡೆಯು ಸಾಲದಿದ್ದರೆ ಬಂಡಿಯು ನಿಲ್ಲುವುದಿಲ್ಲ. ಹಳೆಯ ಜೀಪುಗಳ ಡ್ರಮ್ ಬ್ರೇಕುಗಳಿಗೆ ಹಳ್ಳದ ನೀರೂ ಕೆಸರೂ ಹೊಕ್ಕರೆ ಅವು ಹಿಡಿಯುವುದಿಲ್ಲ. ಎಡೆಬಿಡದೆ ಒತ್ತಿ ಹಿಡಿದರೆ ಕಾದು ಸಡಿಲವಾಗುವುವು. ಲೋ ಗೇರಿನಲ್ಲಾದರೆ ಎಂಜಿನ್ನೇ ತಡೆಯಾಗಿ ನಿಲ್ಲುವುದು. ಎಂಜಿನ್ನು ೨೦೦೦ ಸುತ್ತಿನಲ್ಲಿರುವಾಗ ಹೈ ಮೊದಲನೆಯ ಗೇರಿನಲ್ಲಿ ಬಂಡಿಯು ಗಂಟೆಗೆ ೧೭ ಕಿಲೋಮೀಟರಿಗೂ ಹೆಚ್ಚಾಗಿ ಇಳಿಯುವುದು. ಲೋ ಮೊದಲನೆಯದರಲ್ಲಿ ೭ ಮಾತ್ರ.

ಇದಕ್ಕೆ ಮೂರು ನಿಯಮಗಳಿವೆ. ಲೋ ಗೇರನ್ನು ಇಳಿತದ ತಲೆಯಲ್ಲಿ, ಬಂಡಿಯನ್ನು ಪೂರ್ತಿಯಾಗಿ ನಿಲ್ಲಿಸಿ ಹಾಕಬೇಕು. ಇಳಿಯಲಾರಂಭಿಸಿದ ಮೇಲೆ ಹಾಕಹೊರಟರೆ ಸನ್ನೆಯು ನಡುವಿನ ಖಾಲಿ ಸ್ಥಾನದಲ್ಲಿ ಸಿಕ್ಕಿ ಬಂಡಿಯು ಯಾವ ತಡೆಯೂ ಇಲ್ಲದೆ ಉರುಳುವುದು. ಇಳಿಯುವಾಗ ಕ್ಲಚ್ಚಿನ ಮೇಲೆ ಕಾಲಿಡಲೇಕೂಡದು. ನುಣುಪಾದ ಕೆಸರಿನಲ್ಲಿ ಮೊದಲನೆಯ ಗೇರಿನ ತಡೆಗೆ ಗಾಲಿಗಳೇ ಜಾರಲಾರಂಭಿಸಿದರೆ ಬ್ರೇಕನ್ನು ಒತ್ತದೆ ಸ್ವಲ್ಪ ಆಕ್ಸಿಲರೇಟರನ್ನು ಕೊಟ್ಟು ಗಾಲಿಗಳನ್ನು ಮತ್ತೆ ಉರುಳಿಸಬೇಕು. ಅಂತಹ ದಾರಿಗೆ ಲೋ ಎರಡನೆಯ ಗೇರು ಹೆಚ್ಚು ಅನುಕೂಲ.

ಬಂಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸುವಾಗಲೂ ಒಂದು ಎಚ್ಚರಿಕೆಯು ಅಗತ್ಯ. ಗೇರುಪೆಟ್ಟಿಗೆಯಲ್ಲಿ ಗೇರು ಹಾಕಿದ್ದರೂ ಟ್ರಾನ್ಸ್‌ಫರ್ ಕೇಸಿನ ಸನ್ನೆಯು ಖಾಲಿ ಸ್ಥಾನದಲ್ಲಿದ್ದರೆ ಎಂಜಿನ್ನಿಗೂ ಗಾಲಿಗೂ ಸಂಬಂಧವಿಲ್ಲ, ಬಂಡಿಯು ಉರುಳಿಹೋಗುವುದು. ಸಿ.ಜೆ.-೨ಎ ಮಾದರಿಯಲ್ಲಿ ಕೈಬ್ರೇಕು ಟ್ರಾನ್ಸ್‌ಫರ್ ಕೇಸಿನ ಹಿಂದಿರುವುದರಿಂದ, ಹಿಂದಿನ ಶಾಫ್ಟಿನ ಜಾಯಿಂಟು ಮುರಿದರೆ ಕೈಬ್ರೇಕೂ ಹೋದಂತೆಯೇ. ಆದಕಾರಣ ಗಾಲಿಯ ಹಿಂದೆ ಮರದ ಅಡ್ಡೆಯನ್ನಿಡದೆ ಹೇರನ್ನು ಇಳಿಸಕೂಡದು. ಕಡಿದಾದ ಜಾಗಗಳಲ್ಲಿ ಆಳುಗಳನ್ನು ಟ್ರೈಲರಿನಿಂದ ಇಳಿಸಿ ನಡೆಸುವುದು ಯಜಮಾನನ ಧರ್ಮ.

ಟೈರಿನ ವಿಚಾರ

ಗೇರನ್ನು ಬದಲಾಯಿಸುವ ಮೊದಲು ಟೈರನ್ನು ನೋಡಬೇಕು. ದೊಡ್ಡ ಟೈರು ಹಾಕಿದರೆ ಬಂಡಿಯು ನೆಲದಿಂದ ಎತ್ತರವಾಗುವುದೇನೋ ನಿಜ. ಆದರೆ ಗೇರು ಏರಿದಂತೆಯೂ ಆಗುವುದು. ಗಾಲಿಯ ನಡುವಿನ ಎತ್ತರವು ೩೫ ಸೆಂಟಿಮೀಟರಿನಿಂದ ೪೦ಕ್ಕೆ ಏರಿದರೆ ೧೦೧೫ ಕಿಲೋಗ್ರಾಮಿನ ಎಳೆತವು ೮೮೮ಕ್ಕೆ ಇಳಿಯುವುದು. ಒಟ್ಟು ಪ್ರಮಾಣವು ೩೭ರಿಂದ ೩೨.೪ಕ್ಕೆ ಇಳಿದಂತೆ. ಇದನ್ನು ಸರಿಪಡಿಸಲು ೨.೪೬ರ ಬದಲು ೨.೮೧ರ ಲೋ ಬೇಕಾಗುವುದು. ‘ಟೈರು ಬದಲಾಯಿಸಿದಂದಿನಿಂದ ಬಂಡಿ ಸೋತಿದೆ’ ಎಂದು ಚಾಲಕನು ಹೇಳಿದರೆ ಆ ಮಾತನ್ನು ತಳ್ಳಿಹಾಕಬಾರದು. ಹಿಂದಿನ ಅಳತೆಯ ಟೈರಿಗೆ ಹಿಂದಿರುಗುವುದೇ ಅನೇಕ ವೇಳೆ ಎಲ್ಲಕ್ಕಿಂತ ಅಗ್ಗದ ಗೇರು ಬದಲಾವಣೆ.

ಬದಲಾಯಿಸಲೇಬೇಕಾದಾಗ

ಲೆಕ್ಕ ಮಾಡಿದ ಮೇಲೆ, ಗಟ್ಟಿನೆಲದಲ್ಲಿಯೂ ಎಳೆತವು ಸಾಲದೆಂದು ತಿಳಿದುಬಂದರೆ ಎರಡು ಮಾರ್ಗಗಳಿವೆ. ಅಚ್ಚುಗಳ ಕ್ರೌನ್ ಪಿನಿಯನ್‌ಗಳನ್ನು ಬದಲಾಯಿಸುವುದು ಒಂದು. ಇದರಿಂದ ಹೈ ಲೋ ಎರಡೂ ತಗ್ಗುವುವು; ಬಂಡಿಯು ತೋಟವನ್ನು ಬಿಟ್ಟು ಹೊರಗೆ ಹೋಗದಿದ್ದರೆ ಇದು ಒಳ್ಳೆಯದು, ಪೇಟೆಗೂ ಹೋಗಬೇಕಾದರೆ ಪೆಟ್ರೋಲಿನ ಖರ್ಚು ಹೆಚ್ಚುವುದು. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಒಂದೇ ಪ್ರಮಾಣವನ್ನು ಹಾಕತಕ್ಕದ್ದು. ಒಂದನ್ನೇ ಬದಲಾಯಿಸಿದರೆ ನಾಲ್ಕು ಗಾಲಿಗಳಿಗೂ ಬಲ ಕೊಟ್ಟಾಗ ಅಚ್ಚುಗಳು ಒಂದರೊಡನೊಂದು ಸೆಣಸಿ ಮುರಿಯುವುವು. ಟ್ರಾನ್ಸ್‌ಫರ್ ಕೇಸಿನ ಚಕ್ರಗಳನ್ನು ಬದಲಾಯಿಸುವುದು ಎರಡನೆಯ ಮಾರ್ಗ. ಇದರಿಂದ ಹೈ ಸ್ಥಾನದ ಓಟವು ಮೊದಲಿನಂತೆಯೇ ಇದ್ದು ಲೋ ಮಾತ್ರ ತಗ್ಗುವುದು. ಪೇಟೆಗೂ ತೋಟಕ್ಕೂ ಒಂದೇ ಬಂಡಿಯನ್ನಿಟ್ಟುಕೊಂಡವರಿಗೆ ಇದೇ ಸರಿ.

ಹಳೆಯ ಜೀಪುಗಳ ಸ್ಪೈಸರ್ ೧೮ ಎಂಬ ಪೆಟ್ಟಿಗೆಯಲ್ಲಿ ನಡುವಿನ ಚಕ್ರದ ದಂಡವು ಕಾಲಕಾಲಕ್ಕೆ ಬೇರೆ ಬೇರೆ ದಪ್ಪದಲ್ಲಿ, ಮುಕ್ಕಾಲು ಅಂಗುಲದಿಂದ ಒಂದೂಕಾಲು ಅಂಗುಲದವರೆಗೆ, ಬಂದಿರುವುದು. ಪೆಟ್ಟಿಗೆಯನ್ನು ಬಿಚ್ಚಿ ದಂಡವನ್ನು ಅಳೆಯದೆ ಚಕ್ರಗಳನ್ನು ಕೊಳ್ಳಕೂಡದು. ಬಿಚ್ಚಿದಾಗ ಸವೆದ ಬೇರಿಂಗುಗಳನ್ನೂ ಎಣ್ಣೆಯ ಸೀಲುಗಳನ್ನೂ ಹೊಸದಾಗಿ ಹಾಕಿಸಬೇಕು. ಎಣ್ಣೆ ಸೋರಿ ಒಣಗಿದ ಪೆಟ್ಟಿಗೆಯಲ್ಲಿ ಎಂತಹ ಚಕ್ರವೂ ಬಾಳದು. ಕೆಲಸವು ಮುಗಿದ ಮೇಲೆ ಮೇಲೆ ಹೇಳಿದಂತೆ ಕೈಹಿಡಿಯ ಸುತ್ತುಗಳನ್ನು ಎಣಿಸಿ, ಕೇಳಿದ ಪ್ರಮಾಣವೇ ಬಂದಿದೆಯೇ ಎಂದು ನೋಡಿಕೊಂಡು ಹಣವನ್ನು ಕೊಡತಕ್ಕದ್ದು.

ಸಾರಾಂಶ

೧. ಟ್ರಾನ್ಸ್‌ಫರ್ ಕೇಸಿನ ಪ್ರಮಾಣವೊಂದನ್ನೇ ನೋಡದೆ ಒಟ್ಟು ಪ್ರಮಾಣವನ್ನು ನೋಡಬೇಕು.

೨. ದಾರಿಯ ಅತ್ಯಂತ ಕಡಿದಾದ ಜಾಗವನ್ನು ಅಳೆದು, ಬೇಕಾದ ಎಳೆತದ ಒಂದೂವರೆ ಪಾಲು ಬರುವಂತೆ ಗೇರನ್ನು ಆರಿಸಬೇಕು.

೩. ಗಾಲಿಯು ಸುತ್ತದೆ ಎಂಜಿನ್ನು ನಿಂತುಹೋದರೆ ಅದು ಗೇರಿನ ಕೊರತೆ. ಎಂಜಿನ್ನು ತಿರುಗುತ್ತಿದ್ದು ಗಾಲಿಯು ಜಾರಿದರೆ ಅದು ಹಿಡಿತದ ಕೊರತೆ. ಎರಡನೆಯದಕ್ಕೆ ಜಲ್ಲಿ, ಚರಂಡಿ, ಒಳ್ಳೆಯ ಟೈರು ಮತ್ತು ಟೈರಿಗೆ ಕಟ್ಟುವ ಸರಪಣಿಗಳೇ ಔಷಧ.

೪. ಲೋ ಮತ್ತು ನಾಲ್ಕು ಗಾಲಿಗಳ ಬಲವನ್ನು ಒಣಗಿದ ಡಾಂಬರು ರಸ್ತೆಯಲ್ಲಿ ಉಪಯೋಗಿಸಕೂಡದು.

೫. ಇಳಿತಕ್ಕೆ ಮುಂಚೆ ನಿಂತು ಲೋ ಹಾಕಬೇಕು. ಹಾಕಿದ ಮೇಲೆ ಕ್ಲಚ್ಚನ್ನು ಮುಟ್ಟಕೂಡದು.

ಇವುಗಳಲ್ಲಿ ಮೂರನೆಯದನ್ನು ಚಾಲಕರಿಗೆಲ್ಲ ಬಾಯಿಪಾಠ ಮಾಡಿಸತಕ್ಕದ್ದು. ಬಂಡಿಯು ಏರಿನಲ್ಲಿ ನಿಂತಾಗ ಮೊದಲು ನಿಂತುದು ಎಂಜಿನ್ನೋ, ಜಾರಿದುದು ಗಾಲಿಯೋ ಎಂಬುದನ್ನು ನೋಡಿ ಹೇಳಬಲ್ಲವನು ಅವನೊಬ್ಬನೇ. ಯಜಮಾನನು ಆ ಮಾತನ್ನು ಕೇಳಿ ಖರ್ಚಿಗೆ ಕೈಹಾಕುವುದಾದರೆ, ಹಣವೂ ಬಂಡಿಯೂ ಅದರಲ್ಲಿರುವ ಜನವೂ ಕ್ಷೇಮವಾಗಿರುವುದರಲ್ಲಿ ಸಂದೇಹವಿಲ್ಲ.